ದಿನಕ್ಕೊಬ್ಬ ದೇವರ ಎಕ್ಸೆಲ್ ಶೀಟು

ಎಕ್ಸೆಲ್ ಫೈಲಿನಲ್ಲಿ ಪ್ರತಿ ಶೀಟಿಗೂ ಕೆಳಗೆ ಒಂದು ಹೆಸರಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ನಂಬಿ ಕೋಡ್ ಬರೆಯುವವರ ಬಾಳಿನಲ್ಲಿ ಈ ಮುಂದಿನಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನನಗೆ ಇವು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಒಂದು ಬಿಡಿಭಾಗಗಳ ಕಾರ್ಖಾನೆಯಿಂದ ಬಂದವು. ಅಲ್ಲಿ ಸ್ಟೋರ್ ನೋಡಿಕೊಳ್ಳುವ ಕಾಕಾ ಬೀದರ್ ಕಡೆಯವರು. ದಿನಾ ಬೆಳಿಗ್ಗೆ ಸ್ಟಾಕಿನ ಫೈಲ್ ಕಳಿಸುತ್ತಾರೆ. ನನ್ನ ಪ್ರೋಗ್ರಾಂ ಅದನ್ನು ಓದಿ ಏನೇನು ತರಿಸಬೇಕೆಂದು ಹೇಳಬೇಕು. ಶುಕ್ರವಾರ ಕಾರ್ಖಾನೆಯ ಮ್ಯಾನೇಜರ್ ನೋಡಿ ಒಪ್ಪಿದರೆ ಸಹಿ. ಇಲ್ಲದಿದ್ದರೆ ಪ್ರೋಗ್ರಾಂ ಕಸಕ್ಕೆ, ನಾನು ನಮ್ಮ ಆಫೀಸಿನಲ್ಲಿ ಕೆಲಸವಿಲ್ಲದವರು ಕೂರುವ ಮೂಲೆಗೆ.

೧. ಮಂಗಳವಾರ

ಸೋಮವಾರ ಚೆನ್ನಾಗಿ ಓದಿದ ಪ್ರೋಗ್ರಾಂ ಮಂಗಳವಾರ ಅಂಥ ಶೀಟೇ ಇಲ್ಲ ಎಂದು ಕೂತುಬಿಟ್ಟಿತು. ಹೆಸರು ಬದಲಾಯಿಸಿದಿರಾ ಎಂದು ಕಾಕಾಗೆ ಫೋನ್ ಮಾಡಿದೆ. ಸೋಮವಾರ ಈಶ್ವರ, ಮಂಗಳವಾರ ಗಣಪತಿ, ಅದರಲ್ಲೇನು ಎಂದರು. ನಿನ್ನೆಯ ಶೀಟಿನ ಹೆಸರು ‘ಶ್ರೀ ಈಶ್ವರ ಪ್ರಸನ್ನ’. ಅದೇ ಶಾಶ್ವತವೆಂದು ನಾನು ಕೋಡಿನಲ್ಲಿ ಬರೆದಿದ್ದೆ. ದಯವಿಟ್ಟು ವಾರವಿಡೀ ಒಂದೇ ಹೆಸರಿಡಿ ಎಂದು ಬೇಡಿಕೊಂಡೆ.

“ಇಡ್ತೀನ್ರಿ. ಉಳಿದ ದೇವರಿಗೆ ನೀವ ಒಂದ್ ಮಾತ್ ಹೇಳ್ರಿ.”

೨. ಮೊದಲ ಪುಟ

ಪಕ್ಕದ ಸೀಟಿನ ಮೈಸೂರಿನ ಸಹೋದ್ಯೋಗಿ ನನ್ನ ಮೇಲೆ ಕನಿಕರಪಟ್ಟಳು. “ಹೆಸರು ಯಾಕೆ ಕೇಳ್ತೀರಾ? ಫಸ್ಟ್ ಶೀಟ್ ಯಾವುದಿದ್ಯೋ ಅದನ್ನ ಓದು ಅಂತ ಬರೀರಿ, ಸಿಂಪಲ್.”

ಬರೆದೆ. ಬುಧವಾರ ಓದಿತು. ಗುರುವಾರ, ಕಾರ್ಖಾನೆಯಲ್ಲಿ ಒಂದು ನಟ್ಟೂ ಇಲ್ಲ, ಎಲ್ಲವನ್ನೂ ಕೂಡಲೇ ತರಿಸಿ ಎಂದು ಸಾರಿತು. ಮ್ಯಾನೇಜರ್ ಫೋನ್ ಬಂತು. ಅವರು ಸೊಲ್ಲಾಪುರದವರು, ಕನ್ನಡ ಬರುತ್ತದೆ, ಆದರೆ ಸಿಟ್ಟು ಮರಾಠಿಯಲ್ಲೇ ಬರುತ್ತದೆ. ಪೂರ್ತಿ ಕೇಳಿಸಿಕೊಂಡು ಫೈಲ್ ತೆರೆದೆ. ಮೊದಲ ಶೀಟಿನ ನೆತ್ತಿಯ ಮೇಲೆ ‘ಶ್ರೀ’ ಎಂದಿತ್ತು. ಉಳಿದಂತೆ ಖಾಲಿ. ಸ್ಟಾಕು ಎರಡನೆಯ ಶೀಟಿನಲ್ಲಿತ್ತು. ತಿಂಗಳು ಹೊಸದು, ಫೈಲೂ ಹೊಸದು, ಮೊದಲ ಪುಟ ದೇವರದು ಎಂದು ಕಾಕಾ ವಿವರಿಸಿದರು.

“ನಿಮ್ಮ ಪ್ರೋಗ್ರಾಮಿಗೆ ಮನ್ಯಾಗ ಯಾರೂ ಇದನ್ನ ಕಲಿಸಿಲ್ಲೇನ್ರಿ?”

೩. ಸಹಿ

ಸಂಜೆಯೊಳಗೆ ಕೋಡ್ ತಿದ್ದಿದೆ. ಎಷ್ಟೇ ಶೀಟಿರಲಿ, ಒಂದೊಂದಾಗಿ ತೆರೆದು ನೋಡು. ಮೊದಲ ಸಾಲಿನಲ್ಲಿ ‘ಪಾರ್ಟ್ ನಂಬರ್’ ಎಂದಿದ್ದರೆ ಅದೇ ನಮ್ಮದು. ಸಿಕ್ಕಿದ ಶೀಟಿನ ಹೆಸರನ್ನು ದಪ್ಪ ಅಕ್ಷರದಲ್ಲಿ ತೋರಿಸು ಎಂದೂ ಸೇರಿಸಿದೆ. ಅದು ಬೇಕಿರಲಿಲ್ಲ, ಸ್ವಲ್ಪ ಶೋಭೆಗಿರಲಿ ಎಂದು.

ಶುಕ್ರವಾರ ಕಾರ್ಖಾನೆಗೇ ಹೋದೆ. ಮ್ಯಾನೇಜರ್ ಗೋಡೆಯ ಪರದೆಯ ಎದುರು ಕೂತರು. ಕಾಕಾ ಬಾಗಿಲ ಬಳಿ ನಿಂತರು. ಪ್ರೋಗ್ರಾಂ ದೇವರ ಪುಟ ತೆರೆಯಿತು, ಮರ್ಯಾದೆಯಿಂದ ಮುಚ್ಚಿತು, ಮುಂದಿನದಕ್ಕೆ ಹೋಯಿತು. ಪರದೆಯ ಮೇಲೆ ಮೂಡಿತು: ‘ಶೀಟ್ ಸಿಕ್ಕಿದೆ: ಶ್ರೀ ಮ್ಯಾನೇಜರ್ ಸಾಹೇಬ ಪ್ರಸನ್ನ’.

ಕೆಳಗೆ ಸ್ಟಾಕು ಒಂದೂ ತಪ್ಪಿಲ್ಲದೆ ಇತ್ತು. ಅದನ್ನು ಯಾರೂ ನೋಡಲಿಲ್ಲ. ಮ್ಯಾನೇಜರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕಾಕಾನ ಪದ್ಧತಿ ಅವರಿಗೂ ಗೊತ್ತು. ಶುಕ್ರವಾರ ಲಕ್ಷ್ಮಿಯದಲ್ಲವೇ ಎಂದು ಕೇಳಿದರು. ಕನ್ನಡದಲ್ಲಿ ಕೇಳಿದರು, ನಾನು ಉಸಿರಾಡಿದೆ.

“ಹೌದ್ರಿ ಸಾಹೇಬ್ರ,” ಎಂದರು ಕಾಕಾ. “ಆದ್ರ ಲಕ್ಷ್ಮಿ ಸಹಿ ಹಾಕಂಗಿಲ್ಲಲ್ರಿ.”

ಪ್ರಸನ್ನರಾಗದೆ ಅವರಿಗೆ ವಿಧಿಯಿರಲಿಲ್ಲ. ಪೆನ್ನು ಕೇಳಿದರು.