ಗೋಡೆ ಹತ್ತಿದ ಸ್ಕೀ ಜೋಡಿ

ಈ ಸಲ ಜೂರಾ ಬೆಟ್ಟದ ನೆತ್ತಿಯಿಂದ ಬುಡದ ತನಕ ಒಂದೇ ಉಸಿರಿಗೆ ಜಾರಿ ಇಳಿಯುತ್ತೇನೆ, ನಡುವೆ ಎಲ್ಲೂ ನಿಲ್ಲುವುದಿಲ್ಲ ಎಂದು ಗೇತಾನ್ ಇಡೀ ವಾರ ಸಾರಿಕೊಂಡು ತಿರುಗಿದ್ದ. ಫ್ರಾನ್ಸಿನ ದಿಜೋನ್ ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಕಣ್ಣು ತೋರಿಸಲು ಬಂದವರೆಲ್ಲ ಅಕ್ಷರ ಓದುವ ಮೊದಲು ಈ ಭೀಷ್ಮಪ್ರತಿಜ್ಞೆ ಕೇಳಬೇಕಿತ್ತು. ವಯಸ್ಸು ಐವತ್ತೊಂಬತ್ತು, ಕೊನೆಯ ಸಲ ಕಾಲಿಗೆ ಸ್ಕೀ ಹಲಗೆ ತೊಟ್ಟು ಹನ್ನೊಂದು ವರ್ಷವಾಯಿತು ಎಂಬ ಎರಡು ಸಂಗತಿಗಳನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಹೆಂಡತಿ ಒದೀಲ್‌ಗೆ ಹಿಮವೆಂದರೆ ಒದ್ದೆ ಕಾಲುಚೀಲ, ಅಷ್ಟೇ. ಅವಳ ಜೀವವೆಲ್ಲ ಹಳೇ ಸಾಮಾನಿನ ಅಂಗಡಿಗಳಲ್ಲಿ. ಹುಳ ತಿಂದ ಮರ ಕಂಡರೆ ಸಾಕು, ಊರಿಂದ ಬಂದ ಮೊಮ್ಮಗುವೇನೋ ಎಂಬಂತೆ ಮೈದಡವುವಳು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ರಾಜಿಯಾಯಿತು: ಶನಿವಾರ ಮಧ್ಯಾಹ್ನದವರೆಗೆ ಅವಳ ಅಂಗಡಿ, ಆಮೇಲೆ ಅವನ ಬೆಟ್ಟ.

ಬೆಟ್ಟದ ಬುಡದ ಹಳ್ಳಿಯಲ್ಲಿ ಹುಲ್ಲಿನ ಕೊಟ್ಟಿಗೆಯೊಂದನ್ನೇ ಹಳೇ ಸಾಮಾನಿನ ಅಂಗಡಿ ಮಾಡಿಕೊಂಡಿದ್ದ ಮುದುಕನಿದ್ದ. ಅರ್ಧ ಗಂಟೆಯೊಳಗೆ ಕಾರಿನ ಹೊಟ್ಟೆಗೆ ಎರಡು ಕುರ್ಚಿ, ಒಂದು ತಾಮ್ರದ ಬಾಣಲೆ, ಬಾಗಿಲಿಲ್ಲದ ಒಂದು ಹಕ್ಕಿಗೂಡು ಸೇರಿದವು. ಗೇತಾನ್ ಸಹಿಸಿಕೊಂಡ. ಅಷ್ಟರಲ್ಲಿ ಒದೀಲ್‌ಗೆ ಹಿತ್ತಲಲ್ಲಿ ಬ್ರೆಡ್ಡಿನ ಹಿಟ್ಟು ನಾದುವ ಹಳೇ ಪೆಟ್ಟಿಗೆ ಕಂಡಿತು. ಕಾಲು ಚಾಚಿ ಒಬ್ಬರು ಮಲಗಬಹುದು, ಅಷ್ಟುದ್ದ.

"ನಮ್ಮನೇಲಿ ಬ್ರೆಡ್ ಮಾಡೋರು ಯಾರು?" ಎಂದ ಗೇತಾನ್.

"ಮಾಡೋಕಲ್ಲ ಮಾರಾಯ. ಇರ್ಲಿ ಅಂತ."

ಇರಲಿ ಎಂದದ್ದು ಇರಬೇಕಾದ ಜಾಗ ಕಾರಿನ ನೆತ್ತಿಯೊಂದೇ. ಅಲ್ಲಿದ್ದ ಸ್ಕೀ ಜೋಡಿಯನ್ನು ಗೇತಾನ್ ಬಿಚ್ಚಿ, ಅಂಗಡಿಯ ಮುಂಬಾಗಿಲ ಗೋಡೆಗೆ ಒರಗಿಸಿ, ಕಾರನ್ನು ಹಿತ್ತಲಿಗೆ ಒಯ್ದ. ಅವನೂ ಮುದುಕನೂ ಏದುಸಿರು ಬಿಡುತ್ತ ಪೆಟ್ಟಿಗೆ ಏರಿಸಿ, ಹಗ್ಗ ಬಿಗಿದು, ಮುಂದಿನ ಬಾಗಿಲಿಗೆ ಬಂದು ನೋಡಿದರೆ ಗೋಡೆ ಬೋಳು.

ಗಲ್ಲಾದಲ್ಲಿದ್ದ ಮುದುಕನ ಹೆಂಡತಿಯ ಮುಖ ಮಾತ್ರ ಅರಳಿತ್ತು. ಇವರಿಬ್ಬರನ್ನು ಬಿಟ್ಟರೆ ಬೆಳಗಿನಿಂದ ಯಾರಿಗೂ ಒಂದು ಸೂಜಿಯೂ ಹೋಗಿರಲಿಲ್ಲವಂತೆ. ಈಗ ನೋಡಿದರೆ ಮೇಲಿನ ಕಣಿವೆಯ ಊಟದ ಮನೆ ನಡೆಸುವ ಜೆರ್ಮೇನ್ ಬಂದು, ಬಾಗಿಲಲ್ಲಿದ್ದ ಮುದಿ ಹಲಗೆಗಳನ್ನು ಚೌಕಾಶಿಯೂ ಮಾಡದೆ ಕೊಂಡು ಹೋದಳಂತೆ.

"ಅವು ನನ್ನವು" ಎಂದ ಗೇತಾನ್.

ಮುದುಕಿ ಅವನನ್ನೊಮ್ಮೆ ನೋಡಿದಳು. "ನಿಮ್ಮ ತಾತನ ಕಾಲದ ಅಂಗಡಿ ಸಾಮಾನೇನೋ ಅಂದ್ಕೊಂಡೆ."

ಕಳ್ಳತನವಾಗಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು. ಇದಕ್ಕೆ ಯಾರ ಹತ್ತಿರ ಹೋಗುವುದು? ಮುದುಕ ದುಡ್ಡನ್ನು ಅವನ ಕೈಗೆ ತುರುಕಿ ಕ್ಷಮೆ ಕೇಳಿದ. ಊಟದ ಮನೆಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಇನ್ನು ಬೆಟ್ಟ ಹತ್ತಲೇಬೇಕು.

ಐದನೇ ತಿರುವಿಗೆ ಹಿಮ ಶುರುವಾಯಿತು. ಏಳನೇ ತಿರುವಿಗೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿತು. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಸರಪಳಿ ಇತ್ತು, ಎಲ್ಲಕ್ಕಿಂತ ಕೆಳಗೆ. ಗೇತಾನ್ ಕುರ್ಚಿಗಳನ್ನು ರಸ್ತೆಗಿಳಿಸಿದ, ಬಾಣಲೆ ಇಳಿಸಿದ, ಹಕ್ಕಿಗೂಡು ಇಳಿಸಿದ. ಹಿಂದೆ ನಿಂತ ಕಾರುಗಳವರು ಸಂತೆ ಎಂದುಕೊಂಡರೋ ಏನೋ, ಒಬ್ಬಾತ ಗಾಜು ಇಳಿಸಿ ಬಾಣಲೆ ಎಷ್ಟು ಎಂದು ಕೇಳಿದ. ಮರಗಟ್ಟಿದ ಬೆರಳುಗಳಿಂದ ಸರಪಳಿ ಸಿಕ್ಕಿಸುತ್ತ ಗೇತಾನ್ ಹಲ್ಲು ಕಡಿದ. ಒಳಗೆ ಬೆಚ್ಚಗೆ ಕೂತಿದ್ದ ಒದೀಲ್ ಗಾಜನ್ನು ಎರಡೇ ಬೆರಳು ಇಳಿಸಿ, ಪೆಟ್ಟಿಗೆಯೊಳಗೆ ಹಿಮ ಹೋಗುತ್ತಿದೆಯಾ, ಸ್ವಲ್ಪ ನೋಡು ಎಂದಳು. ಅವನು ನೋಡಲಿಲ್ಲ.

ಊಟದ ಮನೆ ತಲುಪುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಗ್ಗಿಷ್ಟಿಕೆಯ ಮೇಲಿನ ಗೋಡೆಯಲ್ಲಿ ಅವನ ಸ್ಕೀಗಳು ಕತ್ತರಿಯಾಕಾರದಲ್ಲಿ, ಒಂದೊಂದಕ್ಕೆ ಎರಡೆರಡು ತಿರುಪು ಹಾಕಿಸಿಕೊಂಡು ವಿರಾಜಮಾನವಾಗಿದ್ದವು. ಕೆಳಗೆ ನಿಂತು ಜೆರ್ಮೇನ್, ಹಿಂದೆ ಮಹಾಹಿಮಪಾತದಲ್ಲಿ ವೈದ್ಯನೊಬ್ಬ ಹೆರಿಗೆ ಮಾಡಿಸಲು ಇವುಗಳ ಮೇಲೆಯೇ ಕಣಿವೆ ದಾಟಿದ್ದನೆಂದು ಉಣ್ಣುವವರಿಗೆ ಹೇಳುತ್ತಿದ್ದಳು. ಕೊಂಡು ಎರಡು ತಾಸಾಗಿರಲಿಲ್ಲ, ಹೆರಿಗೆ ಅವಳಿ ಮಕ್ಕಳ ತನಕ ಬಂದಿತ್ತು.

"ಅವನ್ನ ಎಂಬತ್ತೇಳರಲ್ಲಿ ಗ್ರೆನೋಬಲ್‌ನಲ್ಲಿ ನಾನು ಕೊಂಡಿದ್ದು" ಎಂದ ಗೇತಾನ್. ಕೂಗಬಾರದೆಂದುಕೊಂಡಿದ್ದ, ಆದರೆ ಇಡೀ ಕೋಣೆ ಚಮಚ ಕೆಳಗಿಟ್ಟಿತು.

ಜೆರ್ಮೇನ್ ಕಥೆ ಪೂರ್ತಿ ಕೇಳಿದಳು, ತಿರುಪುಳಿ ತಂದಳು. ತೂತುಗಳಿಗೆ ಮೇಣ ತುಂಬಿದರೆ ಏನೂ ಆಗದು, ಜಾರುವ ಇಳಿಜಾರು ಅಗೋ ಕಿಟಕಿಯಾಚೆಗೇ ಇದೆ, ಈಗಲೇ ತೊಟ್ಟು ಹೋಗಿ, ನಾವೆಲ್ಲ ಇಲ್ಲಿಂದಲೇ ನೋಡುತ್ತೇವೆ ಎಂದಳು. ಉಣ್ಣುವವರು ಕುರ್ಚಿಗಳನ್ನು ಕಿಟಕಿಯತ್ತ ತಿರುಗಿಸಿಕೊಂಡರು.

ಗೇತಾನ್ ಹೊರಗೆ ನೋಡಿದ. ಇದು ಇಳಿಜಾರಲ್ಲ, ಬಾವಿ. ಹನ್ನೊಂದು ವರ್ಷದಲ್ಲಿ ಯಾರೋ ಬೆಟ್ಟವನ್ನೇ ನೆಟ್ಟಗೆ ನಿಲ್ಲಿಸಿದಂತಿತ್ತು. ಅವನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ತಿರುಪುಳಿ ಮೊದಲ ತಿರುಪಿಗೆ ತಾಗಿತು.

ಮೂವತ್ತು ವರ್ಷ ಅವನ ಜೊತೆ ಬಾಳಿದ ಒದೀಲ್ ಕೋಟು ಬಿಚ್ಚುತ್ತ ಮೆಲ್ಲಗೆ ಕೇಳಿದಳು: "ಇವತ್ತು ಹಿಮ ಅಷ್ಟು ಸರಿಯಿಲ್ಲ ಅಲ್ವಾ?"

ತನ್ನಿಂದ ಇಳಿಯಲಾಗದು ಎಂಬುದು ಅವಳಿಗೆ ವಾರದ ಮೊದಲೇ ಗೊತ್ತಿತ್ತೆಂದು ಅವನಿಗೆ ಆಗ ಹೊಳೆಯಿತು. ಅದೇ ಎಲ್ಲಕ್ಕಿಂತ ಹೆಚ್ಚು ಮೈಯುರಿಸಿತು. ಆದರೂ ಅವಳು ಬಾವಿಗೆ ಇಳಿಬಿಟ್ಟ ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸರಿಯಿಲ್ಲ" ಎಂದ ಗಂಭೀರವಾಗಿ. "ಬಿಡಿ ಜೆರ್ಮೇನ್. ಅಲ್ಲೇ ಚೆನ್ನಾಗಿ ಕಾಣ್ತವೆ."

ಜೆರ್ಮೇನ್‌ಗೆ ಹಿಗ್ಗೋ ಹಿಗ್ಗು. ಬಿಸಿ ಚೀಸಿನ ಊಟ ತನ್ನ ಲೆಕ್ಕಕ್ಕೇ ಎಂದಳು. ಸುಳ್ಳು ವೈದ್ಯನನ್ನು ಕೈಬಿಟ್ಟು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಸ್ಕೀಗಳ ಕೆಳಗೆ ಚುಚ್ಚಿದಳು: "ದಿಜೋನಿನ ಗೇತಾನ್. ಈ ಹಲಗೆಗಳ ಮೇಲೆ ಕೊನೆಯ ಸಲ ಬೆಟ್ಟ ಇಳಿದವರು."

ಆಮೇಲೆ ಬಂದು ಪಕ್ಕದ ಮೇಜಿಗೆ ಕೂತ ಹೆಂಗಸೊಬ್ಬಳು ಅದನ್ನು ಓದಿ, ಎದೆಯ ಮೇಲೆ ಕೈಯಿಟ್ಟು, ಒದೀಲ್‌ಳತ್ತ ಬಾಗಿದಳು. "ಪಾಪ. ಹಿಮ ಕುಸಿದು ಹೋಗಿದ್ದಾ? ಹೆಣ ಆದ್ರೂ ಸಿಕ್ತಾ?"

ಒದೀಲ್ ಚೀಸಿನ ಎಳೆ ಸುತ್ತುತ್ತಿದ್ದ ಮುಳ್ಳುಚಮಚವನ್ನು ಗಂಡನತ್ತ ತಿರುಗಿಸಿದಳು.

"ಸಿಕ್ತು. ಅಗೋ, ಮೂರನೇ ಸಲ ಚೀಸ್ ಹಾಕಿಸ್ಕೊಳ್ತಾ ಇದೆ."