ಕಾಕಾನ ಹೊಟ್ಟ್ಯಾಗಿನ ಪೊಲೀಸರು

ಹಳಿಯಾಳದಾಗ ರಕ್ತ ತಪಾಸಣಿ ಲ್ಯಾಬ್ ಇಟ್ಟಾಕಿ ನಾನು. ಮಂದಿ ಬಂದು ರಕ್ತ ಕೊಟ್ಟು ಹೋಗ್ತಾರ, ಹೋಗೂ ಮುಂದ ನನ್ನ ರಕ್ತ ಕುದಿಸಿ ಹೋಗ್ತಾರ. ದಿನಾ ಇಂಥಾದ್ದು ಒಂದಿಲ್ಲೊಂದು ಇದ್ದದ್ದ. ಆದ್ರ ಬಾಜೂ ಮನಿ ಕಾಕಾ ಬರಿಸಿದಷ್ಟು ಸಿಟ್ಟು ಬ್ಯಾರೆ ಯಾರೂ ಬರಿಸಿಲ್ಲ. ದಾಂಡೇಲಿ ಮಿಲ್ಲಿನಾಗ ದುಡದು ರಿಟೈರ್ ಆದ ಮನಶಾ. ಈಗ ನೆನಸಿದ್ರ ನಗು ಬರ್ತೈತಿ, ಅದರ ಹಿಂದ ಮತ್ತ ಸಿಟ್ಟು ಬರ್ತೈತಿ.

ಗ್ಯಾಸ್

ಕಾಕಾಗ ಊಟ ಸೇರತಿದ್ದಿಲ್ಲ. ಅಂಗಿ ಮೈಮ್ಯಾಲೆ ಜೋತು ಬಿದ್ದಿತ್ತು. ಸಂಡಾಸ ಕರ್ರಗ ಆಗಾಕ ಹತ್ತೈತಿ ಅಂತ ಕಾಕಿ ನನ್ನ ಮುಂದ ಬಂದು ಅತ್ರು. ನಾ ಹೋಗಿ ಕೇಳಿದ್ರ ಕಾಕಾ, "ಏನಿಲ್ಲ ತಂಗಿ, ಗ್ಯಾಸ್," ಅಂದ್ರು.

ನಮ್ಮ ಕಡೆ ಎದಿ ನೋವಾದ್ರೂ ಗ್ಯಾಸ್, ತಲಿ ತಿರುಗಿದ್ರೂ ಗ್ಯಾಸ್, ಬೀಗರ ಕೂಡ ಜಗಳಾ ಆಗಿ ನಿದ್ದಿ ಬರದಿದ್ರೂ ಗ್ಯಾಸ್. ಕಾಕಾ ನನ್ನ ಎದುರಿಗೇ ಸೋಡಾ ಕುಡದು, ತೇಗಿ, "ನೋಡು, ಹೋತು," ಅಂದ್ರು.

"ಹೋಗಾಕ ಹತ್ತಿದ್ದು ಗ್ಯಾಸ್ ಅಲ್ರಿ, ನಿಮ್ಮ ತೂಕ," ಅಂದೆ.

"ಮಂದಿ ರೊಕ್ಕಾ ಕೊಟ್ಟು ತೂಕ ಇಳಿಸ್ತಾರ ತಂಗಿ. ನಂದು ಪುಕ್ಕಟ ಇಳದೈತಿ."

ಪಾಸಿಟಿವ್

ಕಡೀಕ ಊರ ಡಾಕ್ಟರು ಬೈದು ನನ್ನ ಲ್ಯಾಬಿಗೆ ಕಳಿಸಿದ್ರು. ಹೊಟ್ಟ್ಯಾಗ ಸೇರಿಕೊಂಡು ಹುಣ್ಣು ಮಾಡೂ ಒಂದು ಬ್ಯಾಕ್ಟೀರಿಯಾ ಐತಿ. ಹಂಗ ಬಿಟ್ರ ಕೆಲವರಿಗೆ ಕ್ಯಾನ್ಸರ್ ಗಂಟಿನ ತನಕಾನೂ ಒಯ್ತೈತಿ. ಅದು ಸೇರಿತ್ತಂದ್ರ ಅದರ ಗುರ್ತು ರಕ್ತದಾಗ ಸಿಗತೈತಿ. ಕಾಕಾನ ರಕ್ತದಾಗ ಸಿಕ್ತು. ಕಾಕಿಗೆ ಫೋನ್ ಮಾಡಿ, "ಪಾಸಿಟಿವ್ ಬಂದೈತ್ರಿ, ನಾಳಿಗೆ ಡಾಕ್ಟರ ಕಡೆ ಹೋಗ್ರಿ," ಅಂದೆ.

ಮರುದಿನ ನೋಡ್ತೇನಿ, ಕಾಕಾನ ಹಾಸಿಗಿ ಹಿತ್ತಲದಾಗಿನ ಕಟಗಿ ಖೋಲ್ಯಾಗ. ಕಾಕಿ ಮೂಗಿಗೆ ಸೆರಗು ಬಿಗದು, ಕೋಲಿಲೆ ಊಟದ ತಾಟು ಒಳಗ ತಳ್ಳಾಕ ಹತ್ತಿದ್ರು. ಕೊರೊನಾ ಬಂದು ಹೋದಾಗಿಂದ ಪಾಸಿಟಿವ್ ಅನ್ನೂ ಶಬ್ದಕ್ಕ ನಮ್ಮ ಓಣ್ಯಾಗ ಒಂದಾ ಅರ್ಥ. ಕಾಕಾಗೂ ಅದಾ ಬೇಕಾಗಿತ್ತು. "ಹೊರಗ ಬರೂ ಹಂಗಿಲ್ಲಲ್ಲ ತಂಗಿ, ದವಾಖಾನಿಗೆ ಹೆಂಗ ಹೋಗ್ಲಿ," ಅಂದ್ರು.

ನನ್ನ ಸಿಟ್ಟು ನೆತ್ತಿಗೇರಿತು. ಇದು ಆ ರೋಗ ಅಲ್ಲ ಅಂತ ಓಣಿಗೆಲ್ಲಾ ಕೇಳೂ ಹಂಗ ಒದರಿದೆ.

ಕಾಕಿ ಹಿಂದ ಸರದು, "ಒದರು, ಆದ್ರ ದೂರ ನಿಂತು ಒದರು," ಅಂದ್ರು.

ಪೊಲೀಸರು

ಕಡೀಕ ನಾನೂ ಕಾಕಿನೂ ಕಾಕಾನ ಎಳಕೊಂಡು ಊರ ಡಾಕ್ಟರ ಕಡೆ ಹೋದ್ವಿ. ಅವರು ಪಾಪ ತಿಳಿಸಿ ಹೇಳಿದ್ರು. "ಬ್ಯಾಕ್ಟೀರಿಯಾ ಅಂದ್ರ ಕಳ್ಳ. ಅವನ್ನ ಹಿಡಿಯಾಕ ನಿಮ್ಮ ಮೈ ಪೊಲೀಸರನ್ನ ಎಬ್ಬಿಸೈತಿ. ರಕ್ತದಾಗ ಕಂಡವರು ಆ ಪೊಲೀಸರು. ಕಳ್ಳ ಹೋದ ಮ್ಯಾಲೂ ಅವರು ಬಾಳ ದಿನಾ ಅಲ್ಲೇ ಇರ್ತಾರ. ಹೊಟ್ಟಿ ಒಳಗ ಏನೇನು ಹಾಳಾಗೈತಿ ಅನ್ನೂದು ಅವರಿಂದ ತಿಳಿಯೂದಿಲ್ಲ. ಹುಬ್ಬಳ್ಳಿಗೆ ಹೋಗಿ ಬಾಯಾಗ ಕ್ಯಾಮೆರಾ ಬಿಟ್ಟು ನೋಡಿಸಬೇಕು."

ಕಾಕಾ ತಲಿ ಅಲ್ಲಾಡಿಸಿದ್ರು. "ಪೊಲೀಸರು ಬಂದಾರ ಅಂದ ಮ್ಯಾಲೆ ಪಂಚನಾಮೆ ಅವರೇ ಮಾಡ್ತಾರ್ರಿ. ನಡುವ ನಾವ್ಯಾಕ ಕೈ ಹಾಕಬೇಕು."

ಕಾಕಿ ಅಂದ್ರು, "ನಿಮ್ಮ ಸೈಕಲ್ ಕಳುವಾದಾಗೂ ಪೊಲೀಸರು ಬಂದಿದ್ರು. ಸೈಕಲ್ ಎಲ್ಲೈತಿ?"

ಕ್ಯಾಮೆರಾ

ದಿನಾ ಉರುಳಿದ್ವು, ಕಾಕಾ ಹುಬ್ಬಳ್ಳಿಗೆ ಹೋಗಲಿಲ್ಲ. ಒಂದಿನ ಎರಡು ತುತ್ತು ಉಂಡು ಎಲ್ಲಾ ಕಾರಿದ್ರು. ಕಾಕಿ ಅಳಕೋತ ಒಳಗ ಹೋದ್ರು. ನಾ ತಡಕೊಳ್ಳಲಿಲ್ಲ. "ನಿಮಗ ಬದುಕೂದು ಬ್ಯಾಡ ಅಂದ್ರ ಬ್ಯಾಡ, ಕಾಕಿನ್ನ ಯಾಕ ಕೊಲ್ತೀರಿ?" ಅಂತ ಕೇಳೇಬಿಟ್ಟೆ.

ಕಾಕಾ ಬಾಗಲಾ ನೋಡಿ, ಸಣ್ಣ ದನಿಲೆ ಅಂದ್ರು, "ಕ್ಯಾಮೆರಾದಾಗ ಎಲ್ಲಾ ಕಾಣಸ್ತೈತಂತಲ್ಲ ತಂಗಿ. ಮಿಲ್ಲಿನಾಗ ಇದ್ದಾಗ ಜೋಯಿಡಾದ ಗೆಳೆಯಾ ಒಬ್ಬಾಂವ ಡಬ್ಬಿ ತರ್ತಿದ್ದ. ಬಾಂಗಡಿ ಮೀನಿನ ಸಾರು."

ಕೊರಳಾಗ ಲಿಂಗ ಕಟ್ಟಿದ ಮನಿ ಅವರದು. ಉಳ್ಳಾಗಡ್ಡಿ ಹೆಚ್ಚಿದ್ರ ಕಾಕಿ ಈಳಗಿ ಎರಡು ಸಲ ತೊಳೀತಾರ.

"ರಿಟೈರ್ ಆಗಿ ಎಷ್ಟ ವರ್ಷ ಆತ್ರಿ? ಮೀನು ಇನ್ನೂ ಅಲ್ಲೇ ಕುಂತಿರ್ತೈತೇನು?"

"ಬ್ಯಾಕ್ಟೀರಿಯಾ ಹೋದ್ರೂ ಗುರ್ತು ಉಳೀತೈತಿ ಅಂತ ಡಾಕ್ಟರೇ ಹೇಳ್ಯಾರ. ಬಾಂಗಡಿದೂ ಉಳದಿರಬೇಕು."

ಒಂದು ಮೀನಿನ ಸಾರಿಗೆ ಅಂಜಿ ಮನಶಾ ಸಾಯಾಕ ಕುಂತಾನ! ನಾ ನೆಟ್ಟಗ ಒಳಗ ಹೋಗಿ ಕಾಕಿಗೆ ಎಲ್ಲಾ ಹೇಳಿಬಿಟ್ಟೆ. ಅವರು ಕಣ್ಣು ಒರಸಿಕೊಂಡು, "ಗೊತ್ತೈತಿ. ಮೀನಿನ ವಾಸನಿ ಹತ್ತಿದ ಅಂಗಿ ಒಗದಾಕಿ ನಾನಾ ಅಲ್ಲೇನು," ಅಂದ್ರು. ಆಮ್ಯಾಲೆ ಹೊರಗ ಬಂದು ಕಾಕಾಗ ಅಂದ್ರು, "ಚಪ್ಪಲಿ ಹಾಕೋರಿ, ಬಸ್ಸಿಗೆ ಹೊತ್ತಾತು."

ಕ್ಯಾಮೆರಾದಾಗ ಕಂಡಿದ್ದು ಕ್ಯಾನ್ಸರ್ ಗಂಟು. ಇನ್ನೂ ಬ್ಯಾರೆ ಕಡೆ ಹಬ್ಬಿಲ್ಲ, ತಗಿಯಾಕ ಬರ್ತೈತಿ ಅಂತ ಹುಬ್ಬಳ್ಳಿ ಡಾಕ್ಟರು ಅಂದ್ರು. ಆಪರೇಷನ್ ಆತು. ದೊಡ್ಡ ಡಾಕ್ಟರು ಹೊರಗ ಬಂದು, "ಅರ್ಧಾ ಹೊಟ್ಟಿ ತಗದೇವ್ರಿ, ಉಳದ ಅರ್ಧಾ ಚೊಲೋ ಐತಿ," ಅಂದಾಗ ಕಾಕಿ ನನ್ನ ಕೈ ಹಿಡಕೊಂಡು ಮನಸಾರೆ ಅತ್ರು.

ಕಾಕಾಗ ಎಚ್ಚರಾದ ಮ್ಯಾಲೆ ಕಾಕಿ ಹತ್ತರ ಹೋಗಿ, ಕಿವ್ಯಾಗ ಅಂದ್ರು:

"ಮೀನು ತಿಂದಿದ್ದ ಅರ್ಧಾ ಕೊಯ್ದು ಒಗದಾರ. ಉಳದ ಅರ್ಧಾ ನಂದು."