ನಾಟಕಕ್ಕೆ ನಾನು ತಂದ ಬಾಗಿಲು

ನನ್ನಲ್ಲೊಬ್ಬ ಮಹಾನಟನಿದ್ದಾನೆ ಎಂಬುದು ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಉಳಿದವರಿಗೆ ಗೊತ್ತಾಗುವುದಷ್ಟೇ ಬಾಕಿ. ನಮ್ಮ ಶಿರಾಲಿಗೆ ಮೊಬೈಲು ಇನ್ನೂ ಹೊಸತಾಗಿದ್ದ ಕಾಲದಲ್ಲಿ ಅದಕ್ಕೂ ಮುಹೂರ್ತ ಕೂಡಿಬಂತು. ಕುಮಟಾದಿಂದ ವರ್ಗವಾಗಿ ಬಂದ ಮಾಸ್ತರರೊಬ್ಬರು ಹೊಸ ನಾಟಕ ಬರೆದು, ಅಪ್ಪನ ಪಾತ್ರವನ್ನು ನನಗೆ ಕೊಟ್ಟರು.

ಕಥೆ ಇಷ್ಟೇ. ಮಗನೆಂದು ಬೆಳೆಸಿದ ಮಗು ತಾನು ಹೆಣ್ಣು ಎನ್ನುತ್ತದೆ. ಅಪ್ಪ ಮನೆಯಿಂದ ಹೊರಗೆ ಹಾಕುತ್ತಾನೆ. ಎಷ್ಟೋ ವರ್ಷದ ಮೇಲೆ ಅವಳು ಸೀರೆ ಉಟ್ಟು, ತಾನು ಪ್ರೀತಿಸಿದ ಹುಡುಗನ ಜೊತೆ ಬಂದು ಬಾಗಿಲು ತಟ್ಟುತ್ತಾಳೆ. ಅಪ್ಪ ಬಾಗಿಲು ತೆಗೆದು "ಬಾ ಮಗಳೆ, ಒಳಗೆ ಬಾ" ಎನ್ನುತ್ತಾನೆ. ಪರದೆ ಬೀಳುತ್ತದೆ. ಒಟ್ಟಿನಲ್ಲಿ ನನ್ನ ಕೆಲಸ ಬಾಗಿಲು ತೆಗೆಯುವುದು. ಅಷ್ಟೂ ಮಾಡಲಾಗದ ಮನುಷ್ಯ ಲೋಕದಲ್ಲಿ ಇರುತ್ತಾನೆಯೇ? ಇರುತ್ತಾನೆ!

ಮಗಳ ಪಾತ್ರ ಸುಧಾಳದು. ಕಥೆಯೂ ಅವಳದೇ. ನಮ್ಮೂರಲ್ಲಿ ಮೀನು ಮಾರುವ ನಾಗಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು, ಊರು ಹುಡುಗನೆಂದೇ ತಿಳಿದಿದ್ದವಳು. ಮುಂಬೈಗೆ ಹೋಗಿ ಸುಧಾ ಆಗಿ ತಿರುಗಿ ಬಂದು, ಭಟ್ಕಳದಲ್ಲಿ ಬಾಡಿಗೆ ಖೋಲಿ ಹಿಡಿದು ರವಿಕೆ ಹೊಲಿಯುತ್ತಿದ್ದಳು. ನಾಗಮ್ಮನಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮುಸ್ಸಂಜೆ ಹೊತ್ತಿಗೆ ಕರೆದು ಹೊಟ್ಟೆ ತುಂಬ ಬಡಿಸುತ್ತಿದ್ದಳು. ಆದರೆ ಅಕ್ಕಪಕ್ಕದವರ ಭಯ. "ಹಿತ್ಲ ಬಾಗ್ಲಿಂದ ಬಾ" ಎಂದು ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದಳು.

ಮಾಸ್ತರರು ಆ ಮಾತನ್ನೂ ಬಿಡದೆ ನಾಟಕದಲ್ಲಿ ನನ್ನ ಬಾಯಿಗೆ ಹಾಕಿದ್ದರು. ನಾನು ಬಾಯಿಪಾಠ ಮಾಡಿಯೂ ಆಗಿತ್ತು. ಆಗ ಸುಧಾ ಬಂದು ಅದನ್ನು ತೆಗೆಸಿದಳು.

"ಅಮ್ಮನ್ನ ನಾಟಕಕ್ಕೆ ಕರ್ದಿದೇನೆ ಅಣ್ಣ. ಎಲ್ಲರೆದ್ರು ಆ ಮಾತು ಬಂದ್ರೆ ಅವ್ಳಿಗೆ ಬೇಜಾರಾಗ್ತದೆ. ಅವ್ಳು ಬಂದು ನನ್ನ ನೋಡಿದ್ರೆ ಸಾಕು ನಂಗೆ."

ಆ ಸಾಲನ್ನು ಮರೆತುಬಿಡುತ್ತೇನೆ ಎಂದು ನಾನು ಗಂಭೀರವಾಗಿ ಮಾತು ಕೊಟ್ಟೆ.

ಇನ್ನು ಬಾಗಿಲಿನ ವಿಷಯ. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಬಾಗಿಲು ಸಾಕು ಎಂದರು ಮಾಸ್ತರರು. ನನ್ನೊಳಗಿನ ಮಹಾನಟ ಒಪ್ಪಲಿಲ್ಲ. ಭಟ್ಕಳದಲ್ಲಿ ಗಲ್ಫಿನಿಂದ ದುಡ್ಡು ಬಂದ ಮನೆಯವರೊಬ್ಬರು ಹಳೆ ಮನೆ ಕೆಡವಿ ಬಂಗಲೆ ಕಟ್ಟಿಸುತ್ತಿದ್ದರು. ಅವರ ಅಜ್ಜನ ಕಾಲದ ಹಲಸಿನ ಮರದ ಬಾಗಿಲನ್ನು, ಚೌಕಟ್ಟು ಸಮೇತ, ಟೆಂಪೋದಲ್ಲಿ ಹೇರಿಕೊಂಡು ಬಂದೆ. ಅದನ್ನು ಇಳಿಸಲು ಬಂದವರೆಲ್ಲ ನನ್ನನ್ನು ಬೈದೇ ಹೋದರು.

ಹೆಂಡತಿ ಶಾರದೆ ಜಗಲಿಗೆ ಬಂದು ನೋಡಿದಳು. "ಎಂತದು ಇದು?"

"ಬಾಗಿಲು."

"ನಮ್ಮನೆ ಬಚ್ಚಲಿಗೆ ಇಷ್ಟು ದಿನ ಗೋಣಿಚೀಲ ಕಟ್ಕೊಂಡು ಕೂತಿದ್ದು. ನಾಟಕಕ್ಕೆ ಹಲಸಿನ ಮರದ್ದಾ?"

"ಕಲೆ ಅಂದ್ರೆ ನಿಂಗೆ ಗೊತ್ತಾಗುದಿಲ್ಲ."

"ಕಲೆ ಇರ್ಲಿ. ತೆಗೀಲಿಕ್ಕೆ ಬತ್ತದಾ, ಅದನ್ನ ನೋಡಿ."

ನಾಟಕದ ಸಂಜೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಬಟ್ಟೆಯ ಗೋಡೆ ಪಟಪಟ ಬಡಿಯತೊಡಗಿತು, ಬಾಗಿಲು ತೂಗಾಡತೊಡಗಿತು. ಜನ ಬಂದು ಕೂರುತ್ತಿದ್ದಾರೆ. ನಾನು ಸುತ್ತಿಗೆ ಹಿಡಿದು, ಒಂದು ಮರದ ರೀಪನ್ನು ಅಡ್ಡ ಇಟ್ಟು, ಉದ್ದುದ್ದ ಮೊಳೆ ಹೊಡೆದೆ. ತೂಗಾಟ ಥಟ್ಟನೆ ನಿಂತಿತು. ನನ್ನ ಸಮಯಪ್ರಜ್ಞೆಯನ್ನು ನಾನೇ ಮೆಚ್ಚಿಕೊಂಡೆ.

ಜನರಲ್ಲಿ ಅರ್ಧ ಮಂದಿ ನಗಾಡಲೆಂದೇ ಬಂದಿದ್ದರು. ಸುಧಾ ರಂಗಕ್ಕೆ ಬಂದು ಮಾತಾಡತೊಡಗಿದ ಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಆ ಹುಡುಗಿ ನಟಿಸಲೇ ಇಲ್ಲ, ತನ್ನ ಸಂಕಟವನ್ನು ಹೇಳಿಕೊಂಡಳು ಅಷ್ಟೆ. ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು ಎದುರಿಗೇ ಕೂತಿದ್ದ ನಾಗಮ್ಮ ಕಣ್ಣು ಒರೆಸಿಕೊಳ್ಳುವುದು ನನಗೆ ರಂಗದ ಮೇಲಿನಿಂದಲೇ ಕಂಡಿತು. ನನ್ನ ಎದೆಯೂ ತುಂಬಿ ಬಂತು.

ಕೊನೆಯ ದೃಶ್ಯ ಬಂತು. ಸುಧಾ ಮತ್ತು ಅವಳ ಪ್ರಿಯಕರನ ಪಾತ್ರದ ಹೊನ್ನಾವರದ ದಿನೇಶ ಆಚೆಯಿಂದ ಬಾಗಿಲು ತಟ್ಟಿದರು. ನಾನು ನಿಧಾನಕ್ಕೆ ನಡೆದು, ಚಿಲಕ ತೆಗೆದು, ಬಾಗಿಲು ಎಳೆದೆ.

ಬರಲಿಲ್ಲ.

ಇನ್ನೊಮ್ಮೆ ಎಳೆದೆ. ಆಗ ರೀಪು ಕಣ್ಣಿಗೆ ಬಿತ್ತು. ಚೌಕಟ್ಟಿನ ಈ ಕಡೆಯಿಂದ ಆ ಕಡೆಗೆ, ಬಾಗಿಲನ್ನೂ ಸೇರಿಸಿ, ನಾನೇ ಮೊಳೆ ಹೊಡೆದಿದ್ದೆ!

"ತೆಗೀರಾ ಬಾಗ್ಲು" ಎಂದು ಹಿಂದಿನಿಂದ ಯಾರೋ ಕೂಗಿದರು. ನಗಾಡಲು ಬಂದವರೇ ಕೂಗುತ್ತಿದ್ದರು, ಈಗ ಅವರಿಗೆ ಅವಳು ಒಳಗೆ ಬರಲೇಬೇಕಿತ್ತು. ನಾನು ಚೌಕಟ್ಟಿಗೆ ಕಾಲು ಕೊಟ್ಟು ಜಗ್ಗಿದೆ. ಬಾಗಿಲು ಕದಲಲಿಲ್ಲ, ಗೋಡೆ ಬಿತ್ತು. ಬಟ್ಟೆಯೆಲ್ಲ ನನ್ನ ತಲೆಯ ಮೇಲೆ. ಅದನ್ನು ಸರಿಸಿ ನೋಡಿದರೆ ಗೋಡೆಯೇ ಇಲ್ಲದ ಮನೆಗೆ ಮುಚ್ಚಿದ ಬಾಗಿಲೊಂದು ನಿಂತಿದೆ, ಅದರಾಚೆ ಸುಧಾ ಸುಮ್ಮನೆ ಕಾಯುತ್ತಿದ್ದಾಳೆ. ಬದಿಯಿಂದ ಬರಬಹುದಿತ್ತು. ಬರಲಿಲ್ಲ.

ಗಾಬರಿಯಲ್ಲಿ ನನ್ನ ತಲೆಯೊಳಗೆ ಒಂದೇ ಒಂದು ಡೈಲಾಗು ಉಳಿದಿತ್ತು. ಮರೆಯುತ್ತೇನೆಂದು ಮಾತು ಕೊಟ್ಟದ್ದು.

"ಹಿತ್ಲ ಬಾಗ್ಲಿಂದ ಬಾ" ಎಂದುಬಿಟ್ಟೆ.

ಸುಧಾಳ ಮುಖ ಸಣ್ಣದಾಯಿತು. ಅವಳು ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ನಾಗಮ್ಮ ಎದ್ದು ನಿಂತಿದ್ದಳು. ಹೊರಟೇ ಹೋಗುತ್ತಾಳೆ ಎಂದುಕೊಂಡೆ. ತಾಯಿ ಮಗಳ ನಡುವೆ ಇದ್ದಷ್ಟು ದಾರಿಯನ್ನೂ ಮುಚ್ಚಿದೆನಲ್ಲ ಎಂದು ನಿಜಕ್ಕೂ ಅಳು ಬಂತು. ನಾಗಮ್ಮ ಮೆಟ್ಟಿಲು ಹತ್ತಿ ಮೇಲೆ ಬಂದಳು, ನನ್ನನ್ನೂ ನನ್ನ ಹಲಸಿನ ಮರವನ್ನೂ ದಾಟಿ ಹೋಗಿ ಸುಧಾಳ ಕೈ ಹಿಡಿದಳು.

"ನಾನೂ ಇದನ್ನೇ ಹೇಳ್ತಿದ್ದೆ ಅಲ್ದಾ ನಿಂಗೆ? ಸಾಕು, ಆತು. ಬಾ ಮಗಳೆ, ಮನಿಗೆ ಹೋಗ್ವ. ಮುಂದಿನ ಬಾಗ್ಲಿಂದ್ಲೇ ಹೋಗ್ವ."

"ಬಾ ಮಗಳೆ" ನನ್ನ ಡೈಲಾಗು. ಕನ್ನಡಿಯ ಮುಂದೆ ನಿಂತು ದಿನಾ ಅಭ್ಯಾಸ ಮಾಡಿದ್ದೆ. ಅವಳು ಒಂದೇ ಸಲಕ್ಕೆ ಹೇಳಿಬಿಟ್ಟಳು, ಮತ್ತು ಚಪ್ಪಾಳೆ ನಿಲ್ಲಲೇ ಇಲ್ಲ. ತಾಯಿ ಮಗಳು ಜನರ ನಡುವೆಯೇ ಕೈ ಹಿಡಿದುಕೊಂಡು ಹೊರಟುಹೋದರು.

ನಾಟಕ ಇನ್ನೂ ಮುಗಿದಿರಲಿಲ್ಲ. ದಿನೇಶ ಬಾಗಿಲಿನಾಚೆ ಕಣ್ಣುಬಾಯಿ ಬಿಟ್ಟು ನಿಂತಿದ್ದ. "ನೀನಾದ್ರೂ ಒಳಗೆ ಬಾ ಮಾರಾಯ" ಎಂದೆ. ಅವನು ಬಾಗಿಲಿನ ಬದಿಯಿಂದ ಬಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಾಸ್ತರರು ಪರದೆ ಎಳೆದರು.

ಮಾರನೇ ದಿನ ಕ್ಷಮೆ ಕೇಳಲೆಂದು ನಾಗಮ್ಮನ ಮನೆಗೆ ಹೋದೆ. ಮುಖ ತೋರಿಸಲು ನಾಚಿಕೆಯಾಗಿ, ಯಾರೂ ನೋಡದ ಹಾಗೆ ಹಿತ್ತಲಿನಿಂದ ಸುತ್ತಿ ಬಂದೆ. ಬಾವಿಕಟ್ಟೆಯ ಹತ್ತಿರ ಮೀನು ಕೊಯ್ಯುತ್ತಿದ್ದ ಸುಧಾ ನನ್ನನ್ನು ಕಂಡು ನಕ್ಕಳು.

"ಎಂತ ಅಣ್ಣ, ಹಿತ್ಲಿಂದ ಬಂದ್ರಿ? ಈ ಮನೇಲಿ ಈಗ ಆ ಪದ್ಧತಿ ಇಲ್ಲ. ಮುಂದಿಂದ ಬನ್ನಿ. ನಾ ಒಳಗೆ ಚಾ ಇಡ್ತೆ."

ಮನೆ ಸುತ್ತು ಹಾಕಿ ಮುಂದೆ ಬಂದು, ಬಾಗಿಲು ಹಿಡಿದು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ.

"ದೂಡಿ ಅಣ್ಣ" ಎಂದಳು ಸುಧಾ ಒಳಗಿನಿಂದ. "ಇದಕ್ಕೆ ಯಾರೂ ಮೊಳೆ ಹೊಡೀಲಿಲ್ಲ."